ಒಣಗಿಸಿದ ಸಸ್ಯ ಮಾದರಿಗಳನ್ನು ಬೇರೆ ಹರ್ಬೇರಿಯಂಗೆ (ಇಂಥ ಮಾದರಿಗಳ ಸಂಗ್ರಹಾಲಯಕ್ಕೆ) ಕಳಿಸುವಾಗ ಏನೇನು ಗಮನಿಸಬೇಕು?

ಎಲ್ಲಕ್ಕಿಂತ ಮುಖ್ಯ, ಸಂಗ್ರಹ ಸಂಖ್ಯೆ, ಅಂದರೆ ಸಂಗ್ರಹಿಸಿದವರು ಮಾದರಿಗೆ ಕೊಡುವ ಸಂಖ್ಯೆ. ಒಂದೇ ಜಾಗ, ಒಂದೇ ದಿನ, ಒಂದೇ ಪ್ರಭೇದದ ಮಾದರಿಗಳಿಗಷ್ಟೇ ಒಂದೇ ಸಂಖ್ಯೆ ಕೊಡಿ. ಒಂದು ಪ್ರತಿ ನಿಮ್ಮಲ್ಲೇ ಉಳಿಯಲಿ. ಆಗ ಅಲ್ಲಿನ ತಜ್ಞರು "1247 ಇಂಥ ಗಿಡ" ಎಂದು ಬರೆದರೆ ಸಾಕು, ಮಾದರಿ ವಾಪಸ್ ಬರಬೇಕಿಲ್ಲ. ಅಕ್ಕಪಕ್ಕ ಬೆಳೆದ ಎರಡು ಬಗೆಯ ಹುಲ್ಲು ಒಂದೇ ಸಂಖ್ಯೆಯಡಿ ಸೇರಿಕೊಂಡರೆ, ಅವರು ಹೆಸರಿಸಿದ್ದು ಒಂದು, ನಿಮ್ಮ ಕಪಾಟಿನಲ್ಲಿರುವುದು ಇನ್ನೊಂದು. ಇಂಥ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ.

ಹಾಳೆಗೆ ಅಂಟಿಸದೆ ಕಳಿಸುವುದೇ ವಾಸಿ: ತೂಕ ಕಡಿಮೆ, ಎಲೆಯ ಎರಡೂ ಬದಿ ನೋಡಲು ಸಿಗುತ್ತದೆ. ಪ್ರತಿಯೊಂದನ್ನೂ ಮಡಿಸಿದ ಸುದ್ದಿಪತ್ರಿಕೆಯ ಹಾಳೆಯಲ್ಲಿಟ್ಟು, ವಿವರದ ಚೀಟಿಯನ್ನು ಒಳಗೇ ಹಾಕಿ. ಚೀಟಿ ಜಾರಿ ಬಿದ್ದರೂ ಗುರುತು ಸಿಗುವಂತೆ ಪತ್ರಿಕೆಯ ಅಂಚಿನಲ್ಲೂ ಸಂಖ್ಯೆ ಬರೆಯಿರಿ. ಉದುರುವ ಬೀಜ, ಹೂವುಗಳಿಗೆ ಪುಟ್ಟ ಕಾಗದದ ಪೊಟ್ಟಣ. ಕಟ್ಟಿನ ಮೇಲೂ ಕೆಳಗೂ ಗಟ್ಟಿ ರಟ್ಟು ಇಟ್ಟು ದಾರದಿಂದ ಬಿಗಿಯಿರಿ. ಪೆಟ್ಟಿಗೆಯೊಳಗೆ ಕಟ್ಟು ಅಲುಗಾಡಿದರೆ ಎಲೆ, ಹೂವು ಪುಡಿಯಾಗುತ್ತವೆ. ಪೂರ್ತಿ ಒಣಗದ್ದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿದರೆ ದಾರಿಯಲ್ಲೇ ಬೂಷ್ಟು ಹಿಡಿಯುತ್ತದೆ.

ಸಂಖ್ಯೆಗಳ ಪಟ್ಟಿ ಪೆಟ್ಟಿಗೆಯಲ್ಲೂ ಇರಲಿ, ಇಮೇಲ್‌ನಲ್ಲೂ ಹೋಗಲಿ. ಕಳಿಸುತ್ತಿರುವುದು ವಿನಿಮಯಕ್ಕೋ, ಎರವಲೋ, ಉಡುಗೊರೆಯೋ ಎಂದು ಪತ್ರದಲ್ಲಿ ಸ್ಪಷ್ಟಪಡಿಸಿ, ಇಲ್ಲವಾದರೆ ಎರವಲು ಕೊಟ್ಟದ್ದು ಅವರ ಸಂಗ್ರಹದಲ್ಲೇ ಸೇರಿಹೋಗಬಹುದು. ಹೊರದೇಶಕ್ಕಾದರೆ ಎರಡೂ ಕಡೆಯ ಅನುಮತಿಗಳನ್ನು ಮೊದಲೇ ವಿಚಾರಿಸಿ. ಆರ್ಕಿಡ್‌ಗಳಿಗೆ ಒಣಗಿದ ಮಾದರಿಯಾದರೂ ಸೈಟಿಸ್ (ಅಳಿವಿನ ಭೀತಿಯಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ನಿಯಮ ಅನ್ವಯಿಸುತ್ತದೆ. ಪೆಟ್ಟಿಗೆ ಪಡೆದವರು ಕೀಟ ಹರಡದಂತೆ, ಅದನ್ನು ಸಂಗ್ರಹದ ಕೋಣೆಗೆ ಒಯ್ಯುವ ಮೊದಲು ಮಾದರಿಗಳನ್ನು ಡೀಪ್ ಫ್ರೀಜರ್‌ನಲ್ಲಿಡಬೇಕು.