ಸಂಪಾದಕರ ಉತ್ತರ: ಯಾವ ಸಾಲಿನಲ್ಲಿ, ಅಕ್ಕೋರೆ?

ಸೇಡಂನಿಂದ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ:

“ಸಂಪಾದಕರಿಗೆ ಶರಣು. ಟಿವಿಯಾಗಿನ ಹಾಡಿನ ಸ್ಪರ್ಧಾ ನೋಡಿ ನಾ ವಾರಾ ವಾರಾ ಅಭಿಪ್ರಾಯ ಬರದು ಕಳಸ್ತೀನಿ. ಹೋದ ವಾರ ನಾಕು ಪುಟ ಬರದೆ, ನೀವು ಹಾಕಿದ್ದು ಎಂಟು ಸಾಲು. ಬೀದರ ಹುಡುಗಿ ಶ್ರುತಿ ಬಿಟ್ಟಾಳ ಅಂತ ಬರದಿದ್ದೆ, ಅದನ್ನೂ ತಗದೀರಿ. ನಮ್ಮ ಕಡಿಯಾಕಿ ಅಂತ ತಗದ್ರೇನು? ಮತ್ತ ಯಾದಗಿರಿ ಹುಡುಗಗ ಯಾವಾಗ ನೋಡಿದ್ರೂ ತತ್ವಪದ, ಜನಪದಾನೇ ಯಾಕ ಕೊಡ್ತಾರ? ತೀರ್ಪುಗಾರರು ಎದ್ದು ನಿಂತು ಚಪ್ಪಾಳಿ ಹೊಡದ್ರ ನಾವೂ ಹೊಡೀಬೇಕೇನ್ರಿ? ನಾ ಅವಗ ಹತ್ತಕ್ಕ ನಾಕು ಕೊಟ್ಟೀನಿ. ಉತ್ತರ ಬರೀರಿ.”

ಅಕ್ಕೋರೆ, ಶರಣು.

ಕತ್ತರಿ ಆಡಿಸಿದ್ದು ನಾವೇ. ನಾಲ್ಕು ಪುಟದಲ್ಲಿ ‘ಅದ್ಭುತ’ ಒಂಬತ್ತು ಸಲ ಇತ್ತು, ‘ಕಣ್ಣಾಗ ನೀರು ಬಂತು’ ಐದು ಸಲ. ಉಳಿಸಿಕೊಂಡ ಎಂಟು ಸಾಲಿನಲ್ಲಿ ಇದ್ದದ್ದೇ ಬೇರೆ: ಒಬ್ಬನ ಬಾಯಲ್ಲಿ ‘ಬಳ್ಳಿ’ ಹೋಗಿ ‘ಬಲ್ಲಿ’ ಆದದ್ದು, ಇನ್ನೊಬ್ಬಳು ‘ಘನ’ವನ್ನು ‘ಗನ’ ಎಂದು ಹಗುರ ಮಾಡಿದ್ದು, ಮೂರನೆಯವನು ಉಸಿರು ಸಾಲದೆ ಒಂದೇ ಪದವನ್ನು ಎರಡು ತುಂಡು ಮಾಡಿ ಅರ್ಥ ಕೆಡಿಸಿದ್ದು. ಉಕ್ತಲೇಖನ ತಿದ್ದಿದ ಕಿವಿ ಹಿಡಿಯುವ ತಪ್ಪುಗಳಿವು. ಆ ಎಂಟು ಸಾಲು ಓದಿದವರು ಹಾಡನ್ನು ಮತ್ತೊಮ್ಮೆ ಹಾಕಿ ಕೇಳಬಹುದು. ‘ಅದ್ಭುತ’ ಎಂಬುದನ್ನು ಓದಿ ಎಲ್ಲಿ ಕೇಳಬೇಕು?

ಬೀದರ ಹುಡುಗಿಯ ಸಾಲನ್ನು ತೆಗೆದದ್ದಕ್ಕೆ ಊರಭಿಮಾನ ಕಾರಣವಲ್ಲ, ಅದು ತಪ್ಪಾಗಿತ್ತು. ಆಕೆ ಶ್ರುತಿ ಬಿಟ್ಟಿರಲಿಲ್ಲ, ಎಂದರೆ ಸ್ವರ ಅದರ ಜಾಗದಿಂದ ಜಾರಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮಗೆ ಬರುವ ಪತ್ರಗಳಲ್ಲಿ ‘ಶ್ರುತಿ ಬಿಟ್ಟರು’ ಎಂಬ ಮಾತು ಉಪ್ಪಿನ ಹಾಗೆ ಎಲ್ಲದಕ್ಕೂ ಬೀಳುತ್ತಿದೆ.

ಆ ಹಾಡು ಮೂಲದಲ್ಲಿ ಗಂಡು ಧ್ವನಿಯದು, ಪಟ್ಟಿ (ಷಡ್ಜ, ಎಂದರೆ ಆಧಾರದ ‘ಸ’ ಇಡುವ ಮನೆ) ಕರಿ ಒಂದು. ಹಾರ್ಮೋನಿಯಂ ಪೆಟ್ಟಿಗೆಯ ಕಪ್ಪು, ಬಿಳಿ ಮನೆಗಳನ್ನು ಎಡದಿಂದ ಎಣಿಸಿ ಹೀಗೆ ಕರೆಯುತ್ತಾರೆ. ಹುಡುಗಿಗೆ ಅದನ್ನು ಬಿಳಿ ನಾಲ್ಕಕ್ಕೆ, ಎಂದರೆ ನಾಲ್ಕು ಮನೆ ಮೇಲಕ್ಕೆ ಏರಿಸಿದ್ದರು. ನಿಮ್ಮೂರಿನ ಭಜನೆ ಪೆಟ್ಟಿಗೆಯವರನ್ನು ಕೇಳಿದರೂ ಹೇಳುತ್ತಾರೆ, ಹೆಂಗಸರ ಷಡ್ಜ ಸಾಮಾನ್ಯವಾಗಿ ಕರಿ ನಾಲ್ಕು, ಕರಿ ಐದರ ಆಸುಪಾಸು ಕೂಡುತ್ತದೆ; ಗಂಡಸರದು ಕರಿ ಒಂದು, ಬಿಳಿ ಎರಡರ ಹತ್ತಿರ. ಈ ಹಾಡಿನ ಚರಣದ ಎರಡನೇ ಸಾಲು ಮಂದ್ರ ಪಂಚಮಕ್ಕೆ, ಎಂದರೆ ಕೆಳಗಿನ ‘ಪ’ಕ್ಕೆ, ಇಳಿಯುತ್ತದೆ. ಬಿಳಿ ನಾಲ್ಕರಲ್ಲಿ ಷಡ್ಜ ಇಟ್ಟರೆ ಆ ಪಂಚಮ ಕೆಳಗಿನ ಬಿಳಿ ಒಂದರ ಮೇಲೆ ಬಂದು ಬೀಳುತ್ತದೆ. ಹೆಣ್ಣು ಗಂಟಲಿಗೆ ಅದು ಬಾವಿಯ ತಳ. ಅಲ್ಲಿ ಸ್ವರ ಸರಿಯಾಗಿಯೇ ಇರುತ್ತದೆ, ನಾದ ಮಾತ್ರ ಏಳುವುದಿಲ್ಲ. ಗಾಳಿ ಹೆಚ್ಚು, ದನಿ ಕಡಿಮೆ. ನೀವು ಕೇಳಿದ್ದು ಅದನ್ನು. ಕರಿ ನಾಲ್ಕರಲ್ಲಿ ಹಾಡಿಸಿದ್ದರೆ ಅದೇ ಪಂಚಮ ಮೂರು ಮನೆ ಮೇಲೆ, ಕರಿ ಎರಡಕ್ಕೆ ಬಂದು ಪದಗಳು ಕೇಳಿಸುತ್ತಿದ್ದವು.

ಮತ್ತೆ ಹಾಗೇಕೆ ಮಾಡಲಿಲ್ಲ? ಹಾಡಿನ ತುದಿ ತಾರ ಗಾಂಧಾರದಲ್ಲಿ, ಎಂದರೆ ಮೇಲಿನ ‘ಗ’ದಲ್ಲಿದೆ. ಬಿಳಿ ನಾಲ್ಕರಲ್ಲಿ ಅದು ಬಿಳಿ ಆರು, ಆರಾಮಾಗಿ ಸಿಗುತ್ತದೆ. ಕರಿ ನಾಲ್ಕರಲ್ಲಾದರೆ ಅದಕ್ಕೂ ಮೂರು ಮನೆ ಮೇಲೆ, ಮುಂದಿನ ಸಪ್ತಕದ ಬಿಳಿ ಒಂದು. ವೇದಿಕೆಯಲ್ಲಿ ಅಲ್ಲಿ ಗಂಟಲು ಒಡೆದರೆ ಎಲ್ಲರಿಗೂ ಕಾಣುತ್ತದೆ. ಕೆಳಗಿನ ಸಾಲು ಮಸುಕಾದರೆ ನಿಮ್ಮಂಥವರಿಗಷ್ಟೇ. ಆದ್ದರಿಂದ ಟಿವಿ ಹಾಡಿಗೆ ಪಟ್ಟಿ ಗೊತ್ತು ಮಾಡುವಾಗ ಮೇಲಿನ ತುದಿಯ ಲೆಕ್ಕ ಮೊದಲು, ತಳದ್ದು ಆಮೇಲೆ. ಇದು ಹುಡುಗಿಯ ತಪ್ಪಲ್ಲ, ಆಯ್ಕೆಯ ತಪ್ಪು. ‘ಚರಣದ ಎರಡನೇ ಸಾಲು ಕೇಳಿಸಲಿಲ್ಲ, ಪಟ್ಟಿ ತಗ್ಗಾಯಿತು’ ಎಂದು ಬರೆದಿದ್ದರೆ ಹಾಗೇ ಹಾಕುತ್ತಿದ್ದೆವು.

ನಿಜವಾಗಿ ಶ್ರುತಿ ಬಿಡುವುದು ಹೆಚ್ಚಾಗಿ ಮೂರು ಜಾಗದಲ್ಲಿ. ಸಾಲಿನ ಕೊನೆಯ ದೀರ್ಘ ಸ್ವರದಲ್ಲಿ ಉಸಿರು ಮುಗಿದು ದನಿ ಕೆಳಗೆ ಜಾರುತ್ತದೆ. ತಾರಕ್ಕೆ ಹಾರುವಾಗ ಹುರುಪಿನಲ್ಲಿ ನೂಕಿ ಅರ್ಧ ಕೂದಲೆಳೆ ಮೇಲೆ ಹೋಗುತ್ತದೆ. ಇನ್ನು ವಾದ್ಯಗಳ ಜೋರು ನಡುಭಾಗ ಮುಗಿದು ಚರಣ ಎತ್ತುವ ಮೊದಲ ಅಕ್ಷರ; ಕಿವಿಯೊಳಗಿನ ಮಾನಿಟರಿನಲ್ಲಿ ಆಧಾರ ಸ್ವರ ಸರಿಯಾಗಿ ಕೇಳದಿದ್ದರೆ ಅಲ್ಲಿ ಎತ್ತುಗಡೆ ತಪ್ಪಿ, ಎರಡನೇ ಪದಕ್ಕೆ ಸರಿಹೋಗುತ್ತದೆ. ಮೂರಕ್ಕೂ ಕಾರಣ ಬೇರೆ ಬೇರೆ, ಆದ್ದರಿಂದ ಯಾವ ಅಕ್ಷರದಲ್ಲಿ ಎಂದು ಬರೆಯದೆ ಬರೇ ‘ಶ್ರುತಿ ಹೋಯಿತು’ ಎಂದರೆ ಹಾಡಿದವರಿಗೂ ಉಪಯೋಗವಿಲ್ಲ, ಓದುವವರಿಗೂ ಇಲ್ಲ.

ಪರೀಕ್ಷಿಸಲು ಫೋನಿನಲ್ಲಿ ತಂಬೂರಿ ಆ್ಯಪ್ ಸಾಕು. ಹಾಡು ಮುಗಿದು ನಿಲ್ಲುವ ಸ್ವರವನ್ನು ಗುನುಗುತ್ತಾ ಕರಿ ಒಂದರಿಂದ ಒಂದೊಂದೇ ಮನೆ ಏರಿಸುತ್ತ ಹೋಗಿ; ಎಲ್ಲಿ ದನಿ ದನಿಯೊಳಗೆ ಕರಗುತ್ತದೋ ಅದು ಪಟ್ಟಿ. ಹೆಚ್ಚಿನ ಹಾಡು ಷಡ್ಜದಲ್ಲೇ ನಿಲ್ಲುತ್ತವೆ, ಕೆಲವು ಪಂಚಮದಲ್ಲಿ ನಿಂತು ಮೋಸ ಮಾಡುತ್ತವೆ, ಆಗ ಪಲ್ಲವಿಯ ಮೇಲೆ ಇನ್ನೊಮ್ಮೆ ಇಟ್ಟು ನೋಡಿ. ಟ್ಯೂನರ್ ಆ್ಯಪಿನ ಮುಳ್ಳನ್ನು ನಂಬಿ ಅಂಕ ಕಳೆಯಬೇಡಿ. ಅದು ಒಂದು ಮನೆಯನ್ನು ಸೆಂಟ್ ಎಂಬ ನೂರು ಸಣ್ಣ ಭಾಗ ಮಾಡಿ ತೋರಿಸುತ್ತದೆ, ನಿಜ. ಆದರೆ ಹಿಂದೆ ಕೀಬೋರ್ಡು, ಗಿಟಾರು ಇದ್ದರೆ ಯಾರ ಸ್ವರ ಅಳೆಯುತ್ತಿದೆಯೆಂದು ಅದಕ್ಕೇ ತಿಳಿಯದು. ಸ್ವರ ಜಾರಿಸುವ ಮೀಂಡ್, ಅಲುಗಿಸುವ ಗಮಕ ಬಂದಲ್ಲಿ ಮುಳ್ಳು ಓಡಾಡಲೇಬೇಕು. ಅದು ತಪ್ಪಲ್ಲ, ಸಂಗೀತ.

ಇನ್ನು ಟಿವಿಯ ಧ್ವನಿ. ಮನೆಯ ಟಿವಿಯ ಸಣ್ಣ ಸ್ಪೀಕರಿನಲ್ಲಿ ತಬಲಾದ ಎಡಗೈಯ ದಪ್ಪ ಗುಮುಕು, ತಂಬೂರಿಯ ಆಧಾರ ಎರಡೂ ಕೇಳುವುದಿಲ್ಲ. ಮೊದಲೇ ಚಿತ್ರೀಕರಿಸಿ ಪ್ರಸಾರ ಮಾಡುವ ಕಂತಿನಲ್ಲಿ ನಾವು ಕೇಳುವುದು ಮಿಶ್ರಣ ಮುಗಿದ ಧ್ವನಿ: ಮೆಲ್ಲಗಿನದನ್ನು ಎತ್ತಿ, ಜೋರಿನದನ್ನು ತಗ್ಗಿಸಿ ಒಂದೇ ಮಟ್ಟಕ್ಕೆ ತಂದಿರುತ್ತಾರೆ. ಹಾಗಾಗಿ ‘ಧ್ವನಿಯಲ್ಲಿ ಶಕ್ತಿ ಇದೆ’ ಎಂಬ ಮಾತನ್ನು ಟಿವಿ ನೋಡಿ ಬರೆಯಬಾರದು. ಸ್ವರ ತಿದ್ದುವ ತಂತ್ರಾಂಶ 1997ರಿಂದಲೇ ಮಾರುಕಟ್ಟೆಯಲ್ಲಿದೆ. ಅದನ್ನು ಗಟ್ಟಿಯಾಗಿ ಬಳಸಿದಲ್ಲಿ ಸ್ವರದಿಂದ ಸ್ವರಕ್ಕೆ ದನಿ ಜಾರುವ ಬದಲು ಮೆಟ್ಟಿಲು ಹತ್ತಿದಂತೆ ಕುಕ್ಕುತ್ತದೆ, ದೀರ್ಘ ಸ್ವರ ಅಲುಗದೆ ಹಲಗೆಯಂತೆ ನಿಲ್ಲುತ್ತದೆ. ಹಗುರವಾಗಿ ಬಳಸಿದ್ದರೆ ಯಾವ ಕಿವಿಗೂ ಹಿಡಿಯುವುದು ಕಷ್ಟ, ಆ ಗುಮಾನಿಯನ್ನು ಪತ್ರದಲ್ಲಿ ಬರೆಯುವುದು ಬೇಡ.

ಎರಡು ತಿಂಗಳ ಹಿಂದೆ ನೀವು ‘ತುಟಿ ಒಂದು ಕಡೆ, ಹಾಡು ಒಂದು ಕಡೆ, ಇವರು ಹಾಡೋದೇ ಇಲ್ಲ’ ಎಂದು ಬರೆದಿದ್ದಿರಿ. ಅದೇ ಪತ್ರದ ಕೊನೆಯಲ್ಲಿ ಮೊಮ್ಮಗ ಬ್ಲೂಟೂತ್ ಇಯರ್‌ಫೋನ್ ಕೊಡಿಸಿದ ಸುದ್ದಿಯೂ ಇತ್ತು! ವೈರಿಲ್ಲದ ಇಯರ್‌ಫೋನಿಗೆ ಧ್ವನಿ ಸೆಕೆಂಡಿನ ಹತ್ತನೇ ಒಂದೆರಡು ಭಾಗ ತಡವಾಗಿ ಬರುವುದುಂಟು. ಕಣ್ಣಿಗೆ ಅಷ್ಟು ತಡ ಸಾಕು. ವೈರಿನ ಇಯರ್‌ಫೋನ್ ಹಾಕಿ ನೋಡಿ, ತುಟಿ ಕೂಡಿಕೊಳ್ಳುತ್ತದೆ.

ತೀರ್ಪುಗಾರರು ಎದ್ದು ನಿಂತದ್ದಕ್ಕೆ ನೀವು ಏಳಬೇಕಿಲ್ಲ. ಸಭಾಂಗಣದಲ್ಲಿ ಅವರಿಗೆ ಕೇಳಿದ್ದು ಮಿಶ್ರಣಕ್ಕೆ ಮೊದಲಿನ ಧ್ವನಿ, ನಮಗೆ ಕೇಳಿದ್ದು ಆಮೇಲಿನದು. ಅಭಿಪ್ರಾಯ ಬೇರೆಯಾದ ಮಾತ್ರಕ್ಕೆ ಪಕ್ಷಪಾತ ಎನ್ನಬಾರದು. ಮುಖಭಾವದ ತುಣುಕುಗಳನ್ನಂತೂ ಸಂಕಲನದಲ್ಲಿ ಎಲ್ಲಿ ಬೇಕಾದರೂ ಕೂಡಿಸಬಹುದು. ಕಣ್ಣೊರೆಸುವ ತಾಯಿಯ ಚಿತ್ರ ಯಾವ ಸಾಲಿಗೆ ಒರೆಸಿದ್ದೆಂದು ಹೇಳುವಂತಿಲ್ಲ. ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’ ನೋಡಿದವರಿಗೆ ನೆನಪಿರುತ್ತದೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡು ಮುಗಿದ ಮೇಲೆ ಉಚ್ಚಾರವನ್ನೂ ಸ್ವರದ ಸಂಗತಿಗಳನ್ನೂ ಬಿಡಿಸಿ, ತಾವೇ ಹಾಡಿ ತೋರಿಸುತ್ತಿದ್ದರು. ಈಗ ಆ ಜಾಗವನ್ನು ಹೊಗಳಿಕೆ ತಿನ್ನುತ್ತಿದೆ ಎಂಬ ನಿಮ್ಮ ಸಿಟ್ಟಿಗೆ ನಮ್ಮ ಸಹಮತವಿದೆ.

ಅದಕ್ಕೊಂದು ಉಪಾಯ. ಹಾಡು ಮುಗಿಯುತ್ತಲೇ ಮ್ಯೂಟ್ ಒತ್ತಿ ಮೂರು ಸಾಲು ಗೀಚಿ, ಆಮೇಲೆ ತೀರ್ಪುಗಾರರ ಮಾತು ಕೇಳಿ. ಮರುದಿನ ಚಾನೆಲ್ಲಿನ ಆ್ಯಪಿನಲ್ಲಿ ಅದೇ ಹಾಡನ್ನು ಹಾಕಿ ಫೋನು ಬೋರಲು ಇಟ್ಟು ಕೇಳಿ. ಆಕಾಶವಾಣಿಯ ಧ್ವನಿಪರೀಕ್ಷೆಯ ಕ್ರಮವೂ ಹೆಚ್ಚುಕಡಿಮೆ ಇದೇ, ಮುಖ ಕಾಣದೆ ದನಿಗಷ್ಟೇ ಬಿ, ಬಿ-ಹೈ, ಎ, ಟಾಪ್ ಎಂದು ದರ್ಜೆ ಕೊಡುತ್ತಾರೆ. ನಮ್ಮ ಭಾಗದಲ್ಲಿ ಕಲಬುರಗಿ ನಿಲಯ ಶುರುವಾದ 1966ರಿಂದ ಎಷ್ಟೋ ಗಾಯಕರನ್ನು ಮನೆಮನೆಯವರು ಹಾಗೇ, ಮುಖ ನೋಡದೆ ಗುರುತಿಟ್ಟುಕೊಂಡರು. ಬೋರಲು ಇಟ್ಟಾಗ ಅರ್ಧ ‘ಅದ್ಭುತ’ಗಳು ತಾವಾಗಿಯೇ ಉದುರುತ್ತವೆ.

ತಾಳದ ಬಗ್ಗೆ ನೀವು ಬರೆಯುವುದೇ ಇಲ್ಲ, ಬರೆಯಬೇಕು. ಎಂಟು ಮಾತ್ರೆಯ (ಎಣಿಕೆಯ) ಕೆಹರ್ವಾ, ಆರು ಮಾತ್ರೆಯ ದಾದ್ರಾ ಭಜನೆಯಲ್ಲಿ ದಿನಾ ಕೇಳಿದ್ದೇ, ಅದರಲ್ಲಿ ಎಡವಿದರೆ ನಿಮಗೆ ತಟ್ಟನೆ ಗೊತ್ತಾಗುತ್ತದೆ. ಏಳು ಮಾತ್ರೆಯ ರೂಪಕದಲ್ಲಿ ಕಿವಿ ನೆಟ್ಟಗಿರಲಿ. ಅದರ ಸಮವೇ, ಎಂದರೆ ಆವರ್ತನದ ಮೊದಲ ಮಾತ್ರೆಯೇ ಖಾಲಿ, ತಬಲಾ ಅಲ್ಲಿ ಗುಮುಕು ಕೊಡುವುದಿಲ್ಲ. ಹೊಸಬರು ನಾಲ್ಕನೇ ಮಾತ್ರೆಯ ಗುಮುಕನ್ನು ಸಮ ಎಂದು ತಿಳಿದು ಎತ್ತಿಬಿಡುತ್ತಾರೆ. ಪಳಗಿದ ತಬಲಾದವರು ಒಂದು ಆವರ್ತನದೊಳಗೆ ಅವರನ್ನು ಸೇರಿಸಿಕೊಳ್ಳುವುದರಿಂದ ತಪ್ಪು ಮುಚ್ಚಿಹೋಗುತ್ತದೆ. ಗಾಯಕ ಥಟ್ಟನೆ ವಾದ್ಯದವರ ಕಡೆ ತಿರುಗಿದ್ದು ಕಂಡರೆ ಅಲ್ಲೇನೋ ನಡೆಯಿತೆಂದು ಹಿಂದೆ ಸರಿಸಿ ಕೇಳಿ.

ಈಗ ಯಾದಗಿರಿ ಹುಡುಗ. ನಿಮ್ಮ ಪ್ರಶ್ನೆ ಸರಿ, ಅಂಕ ತಪ್ಪು.

‘ತತ್ವಪದ, ಜನಪದ’ ಎಂದು ನೀವೂ ಒಂದೇ ಉಸಿರಿನಲ್ಲಿ ಬರೆದಿದ್ದೀರಿ, ಚಾನೆಲ್ಲಿನವರು ಮಾಡುವುದೂ ಅದನ್ನೇ. ಅನುಭಾವಿಗಳು ಕಟ್ಟಿದ ತತ್ವಪದಕ್ಕೆ, ಜನಪದದ ಹಾಗಲ್ಲ, ಗೊತ್ತಿರುವ ಕರ್ತೃ ಇರುತ್ತಾರೆ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಜಿಲ್ಲೆಯವರಿಗೆ ಇದನ್ನು ಹೇಳಬೇಕಿಲ್ಲ. ಕರ್ತೃವಿನ ಅಂಕಿತ, ಹಾಡಿನೊಳಗಿನ ಅವರ ಸಹಿ, ಬರುವುದು ಕೊನೆಯ ನುಡಿಯಲ್ಲಿ. ಟಿವಿಯಲ್ಲಿ ಹಾಡಿಗೆ ಸಿಗುವುದು ಎರಡು-ಮೂರು ನಿಮಿಷ, ಪಲ್ಲವಿ ಮತ್ತು ಒಂದೆರಡು ನುಡಿ. ಅಂಕಿತದ ನುಡಿಗೇ ಕತ್ತರಿ ಬೀಳುತ್ತದೆ, ಪರದೆಯ ಕೆಳಗೆ ‘ಜನಪದ’ ಎಂಬ ಅಕ್ಷರ ಮೂಡುತ್ತದೆ. ಹೋದ ವಾರ ಆದದ್ದು ಇಷ್ಟೇ, ನಿಮ್ಮ ನಾಲ್ಕು ಪುಟದಲ್ಲಿ ಇದೊಂದು ಇರಲಿಲ್ಲ.

ಎರಡನೆಯದು ಮೇಳ. ಅಮಾವಾಸ್ಯೆ ಭಜನೆಯಲ್ಲಿ ಮುಂದಿನವರು ಸಾಲು ಎತ್ತಿ ಬಿಡುತ್ತಾರೆ, ಹಿಂದಿನವರು ಅದನ್ನೇ ತಿರುಗಿ ಹಾಡುತ್ತಾರೆ. ಆ ಹೊತ್ತಿನಲ್ಲಿ ಮುಂದಿನವರಿಗೆ ಉಸಿರು ಸಿಗುತ್ತದೆ, ಕೇಳುವವರಿಗೆ ಬೆಡಗಿನ, ಒಗಟಿನಂಥ ಮಾತು ಬಿಡಿಸಿಕೊಳ್ಳಲು ಸಮಯ ಸಿಗುತ್ತದೆ. ವೇದಿಕೆಯ ಮೇಲೆ ಮೇಳವಿಲ್ಲ, ಎಲ್ಲ ಸಾಲನ್ನೂ ಹುಡುಗ ಒಬ್ಬನೇ ಎಳೆಯಬೇಕು. ಮೇಲೆ ಏಕತಾರಿ ಇರಬೇಕಾದ ಕಡೆ ಡ್ರಮ್ಮು, ನಡಿಗೆಯೂ ಚುರುಕು. ಕೈಗಡಿಯಾರ ಹಿಡಿದು ಹದಿನೈದು ಸೆಕೆಂಡಿನ ಪೆಟ್ಟು ಎಣಿಸಿ ನಾಲ್ಕರಿಂದ ಗುಣಿಸಿ, ನಿಮ್ಮೂರಿನ ಮಠದ ಭಜನೆಯಲ್ಲೂ ಅದೇ ಪದಕ್ಕೆ ಹಾಗೇ ಎಣಿಸಿ. ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ಬರೆದರೆ ಒಂದು ಪುಟದ ಬೈಗುಳಕ್ಕಿಂತ ತೂಕ. ನೀವು ‘ಕಿರುಚಿದ’ ಎಂದ ಜಾಗ ಎರಡನೇ ನುಡಿಯ ಮೂರನೇ ಸಾಲು: ಉಸಿರಿಗೆ ಬಿಡುವಿಲ್ಲದೆ ತಾರಕ್ಕೆ ಏರಿದ್ದರಿಂದ ಗಂಟಲು ಬಿಗಿಯಿತು. ಹಾಡಿದವನಿಗೆ ನಾಲ್ಕು ಕೊಡುವುದಾದರೆ ಹಾಡು ಕಟ್ಟಿಕೊಟ್ಟವರಿಗೆ ಎಷ್ಟು ಕೊಡುತ್ತೀರಿ?

ಅದನ್ನೇ ಯಾಕೆ ಕೊಡುತ್ತಾರೆ ಎಂದರೆ, ಖಾನೆಗಳ ಆಟ. ಹಾವೇರಿ ಜಿಲ್ಲೆಯ ಹನುಮಂತ ‘ಸರಿಗಮಪ’ದ 15ನೇ ಆವೃತ್ತಿಯಲ್ಲಿ ರನ್ನರ್ ಅಪ್ ಆದ ಮೇಲೆ ‘ಹಳ್ಳಿಯ ಜನಪದ ಕಂಠ’ ಎಂಬುದು ಇಂಥ ಸ್ಪರ್ಧೆಗಳಲ್ಲಿ ಗಟ್ಟಿ ಖಾನೆಯಾಯಿತು ಎಂದು ನಮ್ಮ ಅಂದಾಜು. ಒಮ್ಮೆ ಅದರಲ್ಲಿ ಕೂತವನಿಗೆ ಮೆಲ್ಲಗಿನ ಭಾವಗೀತೆ ಸಿಗುವುದು ತಡ. ಪ್ರತಿ ವಾರ ಅವನ ಹಾಡಿನ ಬಗೆಯನ್ನು ನಿಮ್ಮ ವಹಿಯಲ್ಲಿ ಬರೆದಿಡಿ. ಎಂಟು ವಾರದ ಪಟ್ಟಿ ಕಳಿಸಿದರೆ ಅದನ್ನೇ ಚೌಕಟ್ಟು ಹಾಕಿ ಮುದ್ರಿಸುತ್ತೇವೆ. ಅವನ ಮಾತಿನ ಧಾಟಿಗೆ ನಿರೂಪಕರು ನಕ್ಕರೆ ಅದನ್ನೂ ಬರೆಯಿರಿ, ಆದರೆ ಹಾಡಿನ ಉಚ್ಚಾರದ ಲೆಕ್ಕ ಬೇರೆ ಇಡಿ. ಮಾತಿನಲ್ಲಿ ‘ಹೋಗ್ಯಾನ’ ಎನ್ನುವವನು ಹಾಡಿನಲ್ಲಿ ಳಕಾರ, ಮಹಾಪ್ರಾಣ ಒಂದೂ ಬಿಟ್ಟಿಲ್ಲ, ಮೂರು ಕಂತು ಬೋರಲು ಇಟ್ಟು ಕೇಳಿಯೇ ಹೇಳುತ್ತಿದ್ದೇವೆ.

ಹತ್ತಕ್ಕೆ ಇಷ್ಟು ಎಂಬ ಅಂಕ ನಮಗೆ ಬೇಡ. ಹೋದ ತಿಂಗಳು ನೀವೇ ಏಳು ಕೊಟ್ಟ ಹಾಡಿಗೂ ಈ ವಾರ ನಾಲ್ಕು ಕೊಟ್ಟ ಹಾಡಿಗೂ ನಡುವಿನ ಮೂರು ಏನೆಂದು ಪತ್ರದಲ್ಲಿ ಎಲ್ಲೂ ಇಲ್ಲ. ಎಲ್ಲರ ಬಗ್ಗೆಯೂ ಬರೆಯುವ ಹಟ ಬಿಟ್ಟು ಮೂವರನ್ನು ಆರಿಸಿಕೊಳ್ಳಿ. ನಿಮಿಷ-ಸೆಕೆಂಡು ಬೇಡ, ಟಿವಿಗೂ ಆ್ಯಪಿಗೂ ಜಾಹೀರಾತಿನಿಂದ ಸಮಯ ಕೂಡುವುದಿಲ್ಲ. ಚರಣ, ಸಾಲು, ಪದ ಬರೆಯಿರಿ. ಇನ್ನೂರೈವತ್ತು ಪದ ಮೀರದಿರಲಿ. ಭಾನುವಾರದ ಕಂತು ನೋಡಿ ಸೋಮವಾರ ಬೋರಲು ಇಟ್ಟು ಕೇಳಿ, ಮಂಗಳವಾರ ಮಧ್ಯಾಹ್ನದೊಳಗೆ ವಾಟ್ಸಾಪಿನಲ್ಲಿ ಪುಟದ ಫೋಟೊ ಕಳಿಸಿದರೆ ಸಾಕು, ನಿಮ್ಮ ಅಕ್ಷರ ಮುದ್ರಣಕ್ಕಿಂತ ಚೊಕ್ಕ. ಬುಧವಾರ ರಾತ್ರಿ ಪುಟ ಹೋಗುತ್ತದೆ.

ಇನ್ನೊಂದು ಉಳಿಯಿತು. ಹುಡುಗನ ಪಕ್ಕದಲ್ಲಿ ಕೂತವರು ಬಾರಿಸಿದ್ದನ್ನು ನೀವು ‘ಡೊಳ್ಳು’ ಎಂದಿದ್ದೀರಿ. ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈ ಬೆರಳಿನಿಂದ ಬಾರಿಸುತ್ತಿದ್ದರಲ್ಲ, ಅದು ದಮ್ಮಡಿ. ಆ ಎರಡು ನಿಮಿಷದ ಹಾಡಿನಲ್ಲಿ ನಮ್ಮ ಕಡೆಯದೆಂದು ಉಳಿದಿದ್ದ ವಾದ್ಯ ಅದೊಂದೇ. ಮುಂದಿನ ವಾರ ಅದೂ ಇದೆಯೋ ಇಲ್ಲವೋ ನೋಡಿ ಬರೆಯಿರಿ.

— ಸಂಪಾದಕ