ಹಳೆಯ ಮ್ಯಾಸಿ 1035 ಟ್ರ್ಯಾಕ್ಟರ್ ಹದಿನೈದು ನಿಮಿಷ ಉತ್ತ ಮೇಲೆ ನಿಂತುಹೋಗುತ್ತದೆ. ಡೀಸೆಲ್ ಪಂಪ್ ಬಿಚ್ಚಿಸಬೇಕೇ?

ಮೂರು ಸಿಲಿಂಡರಿನ ಹಳೇ ಮ್ಯಾಸಿ 1035, ಸಿಲಿಂಡರುಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವುದು ರೋಟರಿ ಪಂಪ್. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ನೇಗಿಲು ಹಾಕಿ ಹದಿನೈದು ನಿಮಿಷ ಉಳುವಷ್ಟರಲ್ಲಿ ಸದ್ದು ಇಳಿದು ನಿಂತುಹೋಗುತ್ತದೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಹತ್ತುತ್ತದೆ. ಪಂಪ್ ಹೋಗಿದೆ, ಬಿಚ್ಚಿಸಿ ಕ್ಯಾಲಿಬ್ರೇಶನ್ ಮಾಡಿಸಿ ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಇಷ್ಟು ನೀವು ಬರೆದಿರುವುದು.

ಪಂಪಿಗೆ ಈಗಲೇ ಕೈ ಹಾಕಬೇಡಿ. ರೋಟರಿ ಪಂಪ್ ಸವೆದಾಗ ಅದು ತೋರಿಸುವ ಲಕ್ಷಣ ಹೆಚ್ಚುಕಡಿಮೆ ನಿಮ್ಮದಕ್ಕೆ ಉಲ್ಟಾ ಇರುತ್ತದೆ. ಬಿಸಿಯಾದ ಗಾಡಿ ಓಡುತ್ತಲೇ ಇರುತ್ತದೆ, ಆದರೆ ಒಮ್ಮೆ ಆಫ್ ಮಾಡಿದರೆ ತಣ್ಣಗಾಗುವವರೆಗೆ ಹತ್ತುವುದಿಲ್ಲ. ಬಿಸಿ ಡೀಸೆಲ್ ತೆಳ್ಳಗಾಗಿ ಸವೆದ ರೋಟರಿನ ಸಂದಿಯಲ್ಲಿ ಸೋರಿಹೋಗುತ್ತದೆ. ಸ್ಟಾರ್ಟರ್ ತಿರುಗಿಸುವ ನಿಧಾನ ವೇಗದಲ್ಲಿ ನಾಝಲ್ (ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ತುದಿ) ತೆರೆಯುವಷ್ಟು ಒತ್ತಡ ಹುಟ್ಟುವುದಿಲ್ಲ. ನಿಮ್ಮದು ಲೋಡಿನಲ್ಲಿ ಓಡುತ್ತಾ ಇರುವಾಗಲೇ ನಿಲ್ಲುತ್ತಿದೆ, ಸುಮ್ಮನೆ ಬಿಟ್ಟರೆ ಸರಿಹೋಗುತ್ತಿದೆ. ಅಂದರೆ ಪಂಪಿಗೆ ಸಾಕಷ್ಟು ಡೀಸೆಲ್ ಬಂದು ಮುಟ್ಟುತ್ತಿಲ್ಲ.

ಲೆಕ್ಕ ನೋಡಿ. ಈ ಗಾತ್ರದ ಎಂಜಿನ್ ಪೂರ್ತಿ ಲೋಡಿನಲ್ಲಿ ಗಂಟೆಗೆ 7–8 ಲೀಟರ್ ಕುಡಿಯುತ್ತದೆ, ನಿಮಿಷಕ್ಕೆ ಸುಮಾರು 130 ಮಿ.ಲೀ. ಐಡಲಿಂಗ್‌ನಲ್ಲಿ ಇದರ ಒಂದು ಸಣ್ಣ ಪಾಲು ಸಾಕು. ಹಾಗಾಗಿ ಅರ್ಧ ಕಟ್ಟಿದ ಪೈಪು ಮನೆಯಂಗಳದಲ್ಲಿ ಗೊತ್ತೇ ಆಗುವುದಿಲ್ಲ, ನೇಗಿಲು ಇಳಿಸಿದ ಮೇಲೆ ಫಿಲ್ಟರಿನಲ್ಲಿದ್ದ ಡೀಸೆಲ್ ಖಾಲಿಯಾದಾಗ ಬಯಲಾಗುತ್ತದೆ. ನಿಂತ ಮೇಲೆ ಸೆಳೆತ ಇಲ್ಲದ್ದರಿಂದ ಟ್ಯಾಂಕಿನೊಳಗಿನ ಜಾಲರಿಗೆ ಅಂಟಿದ್ದ ಕಸ ಕೆಳಗೆ ಬೀಳುತ್ತದೆ, ಡೀಸೆಲ್ ಮತ್ತೆ ತುಂಬಿಕೊಳ್ಳುತ್ತದೆ. ನಿಮ್ಮ ಹತ್ತು ನಿಮಿಷದ ಗುಟ್ಟು ಇದೇ ಇರಬೇಕು.

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಮುಂದಿನ ಸಲ ಸದ್ದು ಇಳಿಯತೊಡಗಿದ ಕೂಡಲೇ ಟ್ಯಾಂಕಿನ ಮುಚ್ಚಳ ಬಿಚ್ಚಿ. ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡರೆ, ಅಥವಾ ಎಂಜಿನ್ ಚೇತರಿಸಿಕೊಂಡರೆ, ಮುಚ್ಚಳದ ಗಾಳಿ ತೂತು ಕಟ್ಟಿದೆ. ಮಣ್ಣು, ಗ್ರೀಸ್ ಸೇರಿ ಅದು ಮುಚ್ಚುತ್ತದೆ. ಮುಚ್ಚಳ ಕಳೆದು ಬೇರೆ ಗಾಡಿಯದ್ದು ಹಾಕಿದ್ದರೆ ಅದರಲ್ಲಿ ತೂತೇ ಇರದೆ ಹೋಗಬಹುದು.

ಅದಲ್ಲದಿದ್ದರೆ ಹರಿವು ಅಳೆಯಿರಿ. ಈ ಗಾಡಿಯಲ್ಲಿ ಟ್ಯಾಂಕ್ ಬಾನೆಟ್ ಕೆಳಗೆ, ಎಂಜಿನ್ ಮೇಲೆ ಇರುವುದರಿಂದ ಡೀಸೆಲ್ ತಾನಾಗಿ ಇಳಿದು ಬರಬೇಕು. ಟ್ಯಾಂಕಿನಿಂದ ಫೀಡ್ ಪಂಪಿಗೆ (ಟ್ಯಾಂಕಿನ ಡೀಸೆಲನ್ನು ಫಿಲ್ಟರಿಗೆ ತಳ್ಳುವ ಸಣ್ಣ ಪಂಪ್) ಬರುವ ಪೈಪನ್ನು ಫೀಡ್ ಪಂಪ್ ತುದಿಯಲ್ಲಿ ಬಿಚ್ಚಿ 1 ಲೀಟರ್ ಬಾಟಲಿಗೆ ಹಿಡಿಯಿರಿ. ಎರಡು ನಿಮಿಷದೊಳಗೆ ತುಂಬಬೇಕು. ಅಲ್ಲಿಗೇ ನಿಲ್ಲಿಸದೆ ಇನ್ನೂ ಎರಡು ಮೂರು ಬಾಟಲಿ ಹಿಡಿಯಿರಿ, ಏಕೆಂದರೆ ಮೊದಲು ದಪ್ಪಗೆ ಬಂದ ಧಾರೆ ಆಮೇಲೆ ದಾರದಷ್ಟಾಗುವುದೇ ಈ ತೊಂದರೆಯ ಗುರುತು. ಹಾಗಾದರೆ ಟ್ಯಾಂಕ್ ಖಾಲಿ ಮಾಡಿ ಕೆಳಗಿನ ನಲ್ಲಿಯನ್ನೇ ಬಿಚ್ಚಿ ತೆಗೆಯಿರಿ. ನಲ್ಲಿಯ ಮೇಲೆ ಟ್ಯಾಂಕಿನೊಳಗೆ ನಿಲ್ಲುವ ಜಾಲರಿಗೆ ತುಕ್ಕಿನ ಪುಡಿ, ಬಣ್ಣದ ಚಕ್ಕೆ, ನೀರು ನಿಂತಲ್ಲಿ ಬೆಳೆಯುವ ಕಪ್ಪು ಲೋಳೆ ಅಂಟಿರುತ್ತದೆ. ಪೈಪಿಗೆ ಬಾಯಿಂದ ಊದಿ ಸರಿಮಾಡಿದರೆ ಕಸ ಟ್ಯಾಂಕಿಗೆ ವಾಪಸ್ ಹೋಗುತ್ತದೆ, ವಾರದಲ್ಲಿ ಮತ್ತೆ ಬರುತ್ತದೆ. ರಬ್ಬರ್ ಹೋಸ್ ಹಾಕಿದ್ದರೆ ಅದನ್ನೂ ಬದಲಿಸಿ. ಹೊರಗೆ ಚೆನ್ನಾಗಿ ಕಂಡರೂ ಒಳಪದರ ಉಬ್ಬಿ ದಾರಿ ಮುಚ್ಚಿರುತ್ತದೆ.

ಹರಿವು ಚೆನ್ನಾಗಿದ್ದರೆ ಮುಂದಿನದು ಫೀಡ್ ಪಂಪ್. ಅದರ ಮುಚ್ಚಳ ತೆಗೆದು ಜಾಲರಿ ತೊಳೆಯಿರಿ, ಕಾರ್ಕ್ ಅಥವಾ ರಬ್ಬರ್ ವಾಷರ್ ಸೀಳಿದ್ದರೆ ಹೊಸದು ಹಾಕಿ. ಹೊರಹೋಗುವ ಪೈಪ್ ಸಡಿಲಿಸಿ ಕೈ ಲಿವರ್ ಒತ್ತಿದರೆ ಪ್ರತಿ ಒತ್ತಿಗೂ ಡೀಸೆಲ್ ಚಿಮ್ಮಬೇಕು. ಲಿವರ್‌ನಲ್ಲಿ ಬಿಗಿಯೇ ಇಲ್ಲದಿದ್ದರೆ ಗಾಬರಿ ಬೇಡ, ಕ್ಯಾಮ್ ಎತ್ತರದಲ್ಲಿ ನಿಂತಿರುತ್ತದೆ, ಎಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಇಲ್ಲಿದ್ದಾಗಲೇ ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ನೋಡಿ. ಮಟ್ಟ ಏರಿದ್ದು ಆಯಿಲ್ ಡೀಸೆಲ್ ವಾಸನೆ ಹೊಡೆದರೆ ಫೀಡ್ ಪಂಪಿನ ಡಯಾಫ್ರಂ (ಒಳಗಿನ ಮೆದು ಪದರ) ಹರಿದಿರಬಹುದು, ಇಲ್ಲವೇ ದೊಡ್ಡ ರೋಟರಿ ಪಂಪಿನ ಶಾಫ್ಟ್ ಸೀಲ್ ಹೋಗಿರಬಹುದು. ಆ ಸ್ಥಿತಿಯಲ್ಲಿ ಒಂದು ಸಾಲೂ ಉಳಬೇಡಿ. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ.

ಫಿಲ್ಟರ್ ಹಾಕಿ ಎಷ್ಟು ಕಾಲವಾಯಿತೆಂದು ನೀವು ಬರೆದಿಲ್ಲ. ನೆನಪಿಲ್ಲದಷ್ಟು ಹಳೆಯದಾದರೆ ಬದಲಿಸಿಬಿಡಿ. ಹೊಸದು ಹಾಕುವಾಗ ಹಳೆಯ ರಬ್ಬರ್ ರಿಂಗ್ ಫಿಲ್ಟರಿನ ಮೇಲಿನ ತೋಡಿನಲ್ಲೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ. ಎರಡು ರಿಂಗ್ ಒಟ್ಟಿಗೆ ಕೂತರೆ ಅಲ್ಲಿಂದ ಡೀಸೆಲ್ ಸೋರುತ್ತದೆ, ಗಾಳಿಯೂ ಒಳಸೇರಬಹುದು.

ಇಷ್ಟೆಲ್ಲ ಬಿಚ್ಚಿದ ಮೇಲೆ ಡೀಸೆಲ್ ದಾರಿಯಲ್ಲಿ ಸೇರಿದ ಗಾಳಿಯನ್ನು, ಅಂದರೆ ಏರ್, ತೆಗೆಯಲೇಬೇಕು, ಮತ್ತು ಅದಕ್ಕೊಂದು ಕ್ರಮ ಇದೆ. ಸ್ಟಾಪ್ ಹಿಡಿ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಕೊಡಿ. ಮೊದಲು ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಲಿವರ್ ಒತ್ತಿ ಬಿಗಿಮಾಡಿ. ಆಮೇಲೆ ರೋಟರಿ ಪಂಪಿನ ಎರಡು ಸ್ಕ್ರೂ: ಒಂದು ಪಕ್ಕದಲ್ಲಿ ಹೆಡ್ ಲಾಕಿಂಗ್ ಬೋಲ್ಟಿನ ತಲೆಯಲ್ಲಿರುವ ಸಣ್ಣದು, ಇನ್ನೊಂದು ಮೇಲೆ ಗವರ್ನರ್ ಕವರಿನದು. ಎರಡನ್ನೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬಂದಾಗ ಮೊದಲು ಪಕ್ಕದ್ದು, ಆಮೇಲೆ ಮೇಲಿನದು ಬಿಗಿಮಾಡಿ. ಸಡಿಲಿಸಬೇಕಾದ್ದು ಸಣ್ಣ ಸ್ಕ್ರೂ, ಅದು ಕೂತಿರುವ ದೊಡ್ಡ ಬೋಲ್ಟ್ ಅಲ್ಲ. ತಂತಿ ಹಾಕಿ ಸೀಸದ ಸೀಲ್ ಮಾಡಿರುವ ಸ್ಕ್ರೂಗಳನ್ನಂತೂ ಮುಟ್ಟಲೇಬೇಡಿ. ಕೊನೆಗೆ ಎರಡು ನಾಝಲ್‌ಗಳ ಪೈಪ್ ನಟ್ ಅರ್ಧ ಸುತ್ತು ಬಿಚ್ಚಿ, ಡೀಸೆಲ್ ಚಿಮ್ಮುವವರೆಗೆ ಸ್ಟಾರ್ಟರ್ ಹೊಡೆದು, ಬಿಗಿಮಾಡಿ ಸ್ಟಾರ್ಟ್ ಮಾಡಿ. ಒಂದು ಸಲಕ್ಕೆ 15–20 ಸೆಕೆಂಡಿಗಿಂತ ಹೆಚ್ಚು ಹೊಡೆಯದೆ ನಡುವೆ ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ಸ್ಟಾರ್ಟರ್ ಕಾಯಿಲ್ ಸುಡುತ್ತದೆ. ಎಂಜಿನ್ ತಿರುಗುವಾಗ ನಾಝಲ್ ಪೈಪಿನ ಹತ್ತಿರ ಕೈ ತರಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಹೋದರೆ ನೋವಿಲ್ಲದಿದ್ದರೂ ಅದೇ ಗಳಿಗೆ ಆಸ್ಪತ್ರೆಗೆ ಹೋಗಬೇಕು.

ಏರ್ ತೆಗೆದ ಮೇಲೂ ಮರುದಿನ ಮತ್ತೆ ಏರ್ ಹಿಡಿದರೆ ಬ್ಯಾಂಜೊ ಬೋಲ್ಟುಗಳ (ಪೈಪ್ ಜೋಡಿಸುವ, ನಡುವೆ ತೂತಿರುವ ಬೋಲ್ಟುಗಳು) ತಾಮ್ರದ ವಾಷರ್ ಬದಲಿಸಿ. ಟ್ಯಾಂಕ್ ಮೇಲಿರುವ ಗಾಡಿಯಲ್ಲಿ ಸಡಿಲ ಜಾಯಿಂಟ್ ಸಾಮಾನ್ಯವಾಗಿ ಹೊರಗೆ ತೊಟ್ಟಿಕ್ಕುತ್ತದೆ. ಅದೇ ಜಾಯಿಂಟ್ ಗಾಳಿ ಎಳೆಯುತ್ತಿದೆ ಎಂದರೆ ಅದಕ್ಕಿಂತ ಹಿಂದೆ ಟ್ಯಾಂಕಿನ ಕಡೆ ಇನ್ನೂ ಎಲ್ಲೋ ಕಟ್ಟಿದೆ, ಫೀಡ್ ಪಂಪ್ ಬಲವಂತದಿಂದ ಸೆಳೆಯುತ್ತಿದೆ ಎಂದು ಅರ್ಥ.

ಇನ್ನೊಂದು ಚಿಲ್ಲರೆ ಕಾರಣವೂ ಉಂಟು. ಸ್ಟಾಪ್ ಕೇಬಲ್ ಹಳೆಯದಾಗಿ ಅದುರುವಿಕೆಗೆ ತಾನೇ ಹಿಂದೆ ಸರಿದರೆ ಪಂಪಿನ ಸ್ಟಾಪ್ ಲಿವರ್ ಅರ್ಧ ಮುಚ್ಚುತ್ತದೆ. ಕೇಬಲ್ ಕಳಚಿ, ಲಿವರನ್ನು ಓಡುವ ಕಡೆಗೆ ತಂತಿಯಿಂದ ಕಟ್ಟಿ ಒಂದು ಸುತ್ತು ಉತ್ತರೆ ಗೊತ್ತಾಗುತ್ತದೆ. ಆಫ್ ಮಾಡಲು ಆ ತಂತಿ ಬಿಚ್ಚಿ ಲಿವರ್ ಕೈಯಲ್ಲೇ ಎಳೆಯಬೇಕಾಗುತ್ತದೆ, ನೆನಪಿರಲಿ.

ಇಷ್ಟೂ ಸರಿಯಿದ್ದು, ನಿಂತ ಬಿಸಿ ಎಂಜಿನ್ ಹತ್ತುವುದೇ ಇಲ್ಲ ಎಂದಾದರೆ ಮಾತ್ರ ಪಂಪನ್ನು ಅನುಮಾನಿಸಿ. ಒದ್ದೆ ಗೋಣಿಚೀಲವನ್ನು ಪಂಪಿನ ಸುತ್ತ ಐದು ನಿಮಿಷ ಸುತ್ತಿಡಿ. ಆಗ ಹತ್ತಿದರೆ ರೋಟರ್ ಸವೆದಿದೆ, ಮೆಕ್ಯಾನಿಕ್ ಹೇಳಿದ್ದು ಸರಿ. ಕೊಡದಿಂದ ನೀರು ಸುರಿಯುವವರಿದ್ದಾರೆ. ಬಿಸಿ ಪಂಪಿನ ಹೊರಭಾಗ ಒಮ್ಮೆಲೇ ಕುಗ್ಗಿ ರೋಟರ್ ಹಿಡಿದುಕೊಂಡರೆ ಸಾವಿರದ ಕೆಲಸ ಹತ್ತಾರು ಸಾವಿರಕ್ಕೆ ಏರುತ್ತದೆ.

ಟ್ಯಾಪೆಟ್ (ವಾಲ್ವ್ ಮೇಲಿನ ಸಂದಿ) ಬಗ್ಗೆಯೂ ಕೇಳಿದ್ದೀರಿ. ಈ ನಿಲ್ಲುವ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ. ನೋಡುವುದಾದರೆ ಪರ್ಕಿನ್ಸ್ 3.152 ವಂಶದ ಎಂಜಿನ್‌ಗೆ ತಣ್ಣಗಿದ್ದಾಗ 0.30 ಮಿ.ಮೀ. ಸಂದಿ ಇಡಬೇಕು. ಬಾಟಲಿ ಪರೀಕ್ಷೆ ಮಾಡಿ, ಮೊದಲನೆಯದು ಎಷ್ಟು ಸೆಕೆಂಡ್, ನಾಲ್ಕನೆಯದು ಎಷ್ಟು ಸೆಕೆಂಡ್ ಎಂದು ಬರೆಯಿರಿ.