ತೇಗದ ಬಾಗಿಲಿಗೆ ಸ್ಯಾನಿಟೈಸರ್ ಮುಟ್ಟಿಸಬೇಡಿ

ಪ್ರಶ್ನೆ: ಮಲ್ಲೇಶ್ವರದಲ್ಲಿ ನಮ್ಮ ತಾತ ಕಟ್ಟಿಸಿದ ಮನೆ. ಹಬ್ಬಕ್ಕೆ ತೋರಣ ಅಂಟಿಸಿದ್ದ ಸೆಲ್ಲೋಟೇಪು ತೇಗದ ಮುಂಬಾಗಿಲಿನಲ್ಲೇ ಉಳಿದು ಹಳದಿಗಟ್ಟಿದೆ. ಸ್ಯಾನಿಟೈಸರ್ ಹಚ್ಚಿ ಉಜ್ಜಿದರೆ ಹೋಗುತ್ತದೆ ಎಂದು ಒಂದು ವಿಡಿಯೊದಲ್ಲಿ ಹೇಳಿದ್ದಾರೆ. ಹಚ್ಚಬಹುದೇ?

ಹಚ್ಚಬೇಡಿ. ವರಮಹಾಲಕ್ಷ್ಮಿ ಹಬ್ಬ ಕಳೆದರೆ ಸಾಕು, ಇದೇ ಪ್ರಶ್ನೆ ಸಾಲುಗಟ್ಟಿ ಬರುತ್ತದೆ. ಎಲ್ಲರೂ ಟೇಪಿನ ವಿಷಯ ಬರೆಯುತ್ತಾರೆ. ಬಾಗಿಲಿಗೆ ಯಾವ ಪಾಲಿಶ್ ಇದೆ ಎಂಬುದನ್ನು ಯಾರೂ ಬರೆಯುವುದಿಲ್ಲ. ನನಗೆ ಬೇಕಾದದ್ದು ಅದೇ. ಅಷ್ಟು ಹಳೆಯ ಬಾಗಿಲಿಗೆ ಬಹುಮಟ್ಟಿಗೆ ಫ್ರೆಂಚ್ ಪಾಲಿಶ್ ಇರುತ್ತದೆ. ಅರಗನ್ನು ಸ್ಪಿರಿಟ್‌ನಲ್ಲಿ, ಅಂದರೆ ಆಲ್ಕೋಹಾಲಿನಲ್ಲಿ, ಕರಗಿಸಿ, ಪದರ ಪದರವಾಗಿ ತಿಕ್ಕಿ ಏರಿಸಿದ ಹೊಳಪು ಅದು. ಸ್ಯಾನಿಟೈಸರ್‌ನಲ್ಲಿರುವುದೂ ಹೆಚ್ಚಾಗಿ ಆಲ್ಕೋಹಾಲೇ. ಟೇಪಿನ ಅಂಟು ಬಿಡುವ ಮೊದಲೇ ಪಾಲಿಶ್ ಎದ್ದು ನಿಮ್ಮ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಗಾಜಿನ ಬಾಟಲಿಯ ಮೇಲೆ ಮಾಡಿ ತೋರಿಸಿದ್ದನ್ನು ಮರಕ್ಕೂ ಆಗುತ್ತದೆ ಎನ್ನುವವರು ಬಾಗಿಲು ಹಾಳಾದ ಮೇಲೆ ಬಂದು ನೋಡುವುದಿಲ್ಲ.

ಮೊದಲು ಬಾಗಿಲಿನ ಮೇಲಂಚಿನಲ್ಲಿ, ಕಣ್ಣಿಗೆ ಬೀಳದ ಕಡೆ, ಹತ್ತಿಯಿಂದ ಒಂದು ಹನಿ ಸ್ಪಿರಿಟ್ ಮುಟ್ಟಿಸಿ. ಜಿಗುಟಾದರೆ ಅದು ಅರಗು. ಏನೂ ಆಗದಿದ್ದರೆ ಪಿಯು (ಪಾಲಿಯುರೆಥೇನ್) ಅಥವಾ ಮೆಲಮೈನ್ ಎಂಬ ಗಟ್ಟಿ ಪಾಲಿಶ್ ಇರಬಹುದು. ಎರಡಕ್ಕೂ ಈ ಕ್ರಮ ನಡೆಯುತ್ತದೆ: ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು, ಒಂದು ಗೇಣು ದೂರದಿಂದ ಆಡಿಸುತ್ತಲೇ ಇರಿ. ಒಂದೇ ಕಡೆ ನಿಲ್ಲಿಸಿದರೆ ಅರಗೂ ಮೆತ್ತಗಾಗುತ್ತದೆ. ಉಗುರಿನಿಂದ ಒಂದು ಮೂಲೆ ಎಬ್ಬಿಸಿ, ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿ, ಬಾಗಿಲಿಗೆ ಒರಗಿಸಿದಂತೆ ನಿಧಾನವಾಗಿ ಎಳೆಯಿರಿ. ನೇರವಾಗಿ ನಿಮ್ಮ ಕಡೆಗೆ ಕಿತ್ತರೆ ಪಾಲಿಶ್ ಚಕ್ಕೆಯಾಗಿ ಏಳುತ್ತದೆ.

ಹಳೆಯ ಟೇಪಿನಲ್ಲಿ ಪ್ಲಾಸ್ಟಿಕ್ ಮಾತ್ರ ಬಂದು ಅಂಟು ಉಳಿಯುವುದು ಸಹಜ. ಬಣ್ಣದ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನನ್ನು ಅದೇ ಮೇಲಂಚಿನಲ್ಲಿ ಪರೀಕ್ಷಿಸಿ, ಮೆತ್ತನೆಯ ಹತ್ತಿಬಟ್ಟೆಗೆ ಸ್ವಲ್ಪವೇ ಹಾಕಿಕೊಂಡು ಅಂಟಿನ ಮೇಲೆ ಒತ್ತಿಹಿಡಿಯಿರಿ. ಅಂಟು ಮೆತ್ತಗಾದ ಮೇಲೆ ಮರದ ಎಳೆಯ ದಿಕ್ಕಿನಲ್ಲಿ ಒರೆಸಿ. ಕಿಟಕಿ ತೆರೆದಿರಲಿ, ದೇವರ ದೀಪ ಆರಿರಲಿ. ಥಿನ್ನರ್ ಬೇಡ, ಮರಳು ಕಾಗದ ಬೇಡ, ಒದ್ದೆ ಬಟ್ಟೆ ಹಾಕಿಟ್ಟು ಹೋಗುವುದಂತೂ ಬೇಡವೇ ಬೇಡ. ನೀರು ನಿಂತರೆ ಅರಗು ಬೆಳ್ಳಗಾಗುತ್ತದೆ. ಟೇಪಿದ್ದ ಜಾಗ ಬೇರೆ ಬಣ್ಣವಾಗಿ ಕಂಡರೆ ಅದು ಕೊಳೆಯಲ್ಲ. ಸುತ್ತಲಿನ ಮರ ಬಿಸಿಲು ಕಂಡಿದೆ, ಅಲ್ಲಿ ಕಂಡಿಲ್ಲ. ಕೆರೆಯಬೇಡಿ.

ಪ್ರಶ್ನೆ: ಬಾಡಿಗೆ ಮನೆ ಖಾಲಿ ಮಾಡುತ್ತಿದ್ದೇವೆ. ಗೋಡೆಯ ಡಬಲ್ ಟೇಪು ಎಳೆದರೆ ಬಣ್ಣವೂ ಬರುತ್ತಿದೆ. ಅಡ್ವಾನ್ಸ್‌ನಲ್ಲಿ ಹಿಡಿಯುತ್ತಾರೆಂಬ ಭಯ.

ಎಳೆಯುವುದನ್ನು ನಿಲ್ಲಿಸಿ. ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಟೇಪಿನ ಹಿಂದೆ ಗಟ್ಟಿ ನೈಲಾನ್ ದಾರವನ್ನು ಗರಗಸದಂತೆ ಆಡಿಸಿ ಕತ್ತರಿಸಿ. ಡಿಸ್ಟೆಂಪರ್ ಗೋಡೆಯಾದರೆ ಹೇಗೆ ತೆಗೆದರೂ ಸ್ವಲ್ಪ ಬಣ್ಣ ಹೋಗುತ್ತದೆ. ಮಾಲೀಕರಿಗೆ ಮೊದಲೇ ಹೇಳಿಬಿಡಿ.

ಪ್ರಶ್ನೆ: ಫ್ರಿಜ್ ಮೇಲಿನ ಅಂಟಿಗೆ ಪೆಟ್ರೋಲ್?

ಅಡುಗೆಮನೆಯೊಳಗೆ ಪೆಟ್ರೋಲ್ ತರುವ ಯೋಚನೆಯನ್ನೇ ಬಿಡಿ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಒಲೆಯವರೆಗೆ ಹೋಗುತ್ತದೆ. ಕೊಬ್ಬರಿ ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು, ಸೋಪಿನ ನೀರಿನಿಂದ ಒರೆಸಿ.

ಪ್ರಶ್ನೆ: ಉಗುರುಬಣ್ಣ ತೆಗೆಯುವ ದ್ರವ ಸ್ವಿಚ್‌ಬೋರ್ಡಿಗೆ ಆಗುತ್ತದೆಯೇ?

ಇಲ್ಲ. ಅದರಲ್ಲಿ ಅಸಿಟೋನ್ ಇದ್ದರೆ ಪ್ಲಾಸ್ಟಿಕ್ಕೇ ಕರಗಬಹುದು.